ಇಷ್ಟವಿಯೋಗವೂ ಸ್ಥಿತಿಕರಣವೂ

(ದೊಮ್ಮಲೂರಿನಲ್ಲಿ ದಶಲಕ್ಷಣ ಪರ್ವದ ಉತ್ತಮ ತಪದ ದಿನ ಶ್ರಾವಕ-ಶ್ರಾವಿಕೆಯರ ಮುಂದೆ ಮಾಡಿದ ಪ್ರವಚನದ ಬರಹರೂಪ)



ಇಂದು ಪರ್ವದ ಏಳನೆಯ ದಿನ, ಉತ್ತಮ ತಪದ ದಿನ. ನಿಮ್ಮಲ್ಲಿ ಹಲವರು ಉಪವಾಸದಿಂದಿರುವಿರಿ, ಕೆಲವರು ಏಕಭುಕ್ತದಲ್ಲಿರುವಿರಿ. ತಪವೆಂದೊಡನೆ ನಮ್ಮ ಮನಸ್ಸು ಅನಶನದ ಕಡೆಗೇ ಹೋಗುವುದು ಸಹಜವಾಗಿದೆ. ಆದರೆ ಆಚಾರ್ಯರು ತಪವನ್ನು ಹನ್ನೆರಡು ವಿಧವಾಗಿ ಹೇಳಿ, ಅನಶನ, ಅವಮೌದರ್ಯ ಮೊದಲಾದ ಆರನ್ನು ಬಾಹ್ಯವೆಂದೂ, ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳೆಂಬ ಆರನ್ನು ಆಭ್ಯಂತರವೆಂದೂ ವಿಂಗಡಿಸಿರುವರು. ಸಮಂತಭದ್ರಾಚಾರ್ಯರಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳನ್ನು ಹೇಳುವಾಗ ಪ್ರೋಷಧೋಪವಾಸವಾದ ಕೂಡಲೇ ವೈಯಾವೃತ್ತ್ಯವನ್ನು ಇಟ್ಟಿರುವರು. ಅಲ್ಲಿ ಅದು ಮುಖ್ಯವಾಗಿ ತಪೋಧನರಾದ ಮುನಿಗಳಿಗೆ ಸಲ್ಲುವ ಸೇವೆ, ನಿಜ. ಆದರೂ ಸಹಧರ್ಮಿಗಳಲ್ಲಿ ವಾತ್ಸಲ್ಯವನ್ನೂ, ಚಲಿಸಿದವರನ್ನು ಮತ್ತೆ ನೆಲೆಗೊಳಿಸುವ ಸ್ಥಿತಿಕರಣವನ್ನೂ ಸಮ್ಯಗ್ದರ್ಶನದ ಅಂಗಗಳೆಂದು ಆ ಗ್ರಂಥವೇ ಹೇಳುತ್ತದೆ. ಇಂದಿನ ನನ್ನ ಮಾತು ಆ ಸ್ಥಿತಿಕರಣವನ್ನು ಕುರಿತದ್ದು. ಅದರಲ್ಲಿಯೂ ಇಷ್ಟಜನರನ್ನು ಕಳೆದುಕೊಂಡವರ ವಿಷಯದಲ್ಲಿ ನಾವು ನಡೆದುಕೊಳ್ಳುವ ರೀತಿಯನ್ನು ಕುರಿತದ್ದು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ದೊಮ್ಮಲೂರು, ಇಂದಿರಾನಗರ, ಹಲಸೂರುಗಳ ಮನೆಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. “ಸೂತಕ ಕಳೆದು ನಾಲ್ಕು ತಿಂಗಳಾಯಿತು, ಆಕೆ ಇನ್ನೂ ಪೂಜೆಗೆ ಬರುತ್ತಿಲ್ಲ, ಮಾತಾಡಿಸಿದರೆ ಕಣ್ಣೀರಿಡುತ್ತಾಳೆ, ಜೈನರಾದ ನಾವು ಇಷ್ಟು ಮೋಹಪಡಬಹುದೆ?” ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ತಾವು ಕಲಿತ ಅನಿತ್ಯಭಾವನೆಯನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ. ಆದರೆ ಆ ಪ್ರಶ್ನೆಯಲ್ಲಿ ಸೂತಕ ಮತ್ತು ಶೋಕ ಎಂಬ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಸೇರಿಹೋಗಿವೆ. ಅವನ್ನು ಮೊದಲು ಬಿಡಿಸಿಕೊಳ್ಳತಕ್ಕದ್ದು.

ಸೂತಕಕ್ಕೆ ದಿನಗಳ ಲೆಕ್ಕವಿದೆ. ಸಮೀಪದ ಬಂಧುಗಳಿಗೆ ಸಾಮಾನ್ಯವಾಗಿ 12 ದಿನಗಳೆಂದು ನಮ್ಮಲ್ಲಿ ರೂಢಿ, ದೂರದವರಿಗೆ ಕಡಿಮೆ. ಆ ದಿನಗಳಲ್ಲಿ ಪೂಜಾದ್ರವ್ಯಗಳನ್ನು ಮುಟ್ಟಬಾರದು, ಅಭಿಷೇಕ ಮಾಡಬಾರದು, ಮುನಿಗಳಿಗೆ ಆಹಾರದಾನ ಕೊಡಬಾರದು. ಇದಿಷ್ಟೂ ಲೌಕಿಕ ಶುದ್ಧಿಯ ವ್ಯವಸ್ಥೆ. ಹದಿಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಅಗಲಿಕೆಯ ದುಃಖವೂ ತೀರಿರಬೇಕೆಂದು ಯಾವ ಆಚಾರ್ಯರೂ ಬರೆದಿಲ್ಲ. ಹೀಗಿದ್ದರೂ ನಾವು ಹನ್ನೆರಡು ದಿನ ಮನೆತುಂಬ ಜನರಾಗಿದ್ದು, ಹದಿಮೂರನೆಯ ದಿನ ಊಟ ಮುಗಿಸಿಕೊಂಡು, ಪಾತ್ರೆಗಳನ್ನು ಹಿಂದಿರುಗಿಸಿ, ಒಮ್ಮೆಗೇ ಹೊರಟುಬಿಡುತ್ತೇವೆ. ಮನೆಯಲ್ಲಿ ಮೊದಲ ಬಾರಿಗೆ ನಿಶ್ಶಬ್ದವಾಗುವುದು ಅಂದೇ.

ಇತರ ಮತಗಳವರಲ್ಲಿ ಮೃತರಿಗಾಗಿ ಮಾಸಿಕ, ವಾರ್ಷಿಕ, ಪಿಂಡಪ್ರದಾನಗಳೆಂಬ ಕರ್ಮಗಳುಂಟು. ನಮ್ಮ ಸಿದ್ಧಾಂತದಲ್ಲಿ ಅವಕ್ಕೆ ಸ್ಥಾನವಿಲ್ಲ. ದೇಹವನ್ನು ಬಿಟ್ಟ ಜೀವನು ವಿಗ್ರಹಗತಿಯಲ್ಲಿ ಎಷ್ಟು ತಿರುವುಗಳನ್ನು ಪಡೆದರೂ ನಾಲ್ಕು ಸಮಯಗಳೊಳಗೆ ಹೊಸ ಜನ್ಮಸ್ಥಾನವನ್ನು ಮುಟ್ಟುವನೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮವಾದ ಅಂಶ. ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುವವು. ಎಂದಮೇಲೆ ಬಂಧುಗಳು ಬಂದು ಸೇರುವುದಕ್ಕೆ ಮೊದಲೇ ಹೋದವರು ಹೋಗಿಯಾಗಿದೆ. ನಮ್ಮ ಕಣ್ಣೀರು ಅವರನ್ನು ತಡೆಯುವುದಿಲ್ಲ. ನಮ್ಮ ಕರ್ಮಾಚರಣೆ ಅವರನ್ನು ತಲಪಿಸುವುದೂ ಇಲ್ಲ. ಕೆಲವು ಹಿರಿಯರು “ಅಳಬೇಡಿ, ಹೋದ ಜೀವಕ್ಕೆ ಕ್ಲೇಶವಾಗುತ್ತದೆ” ಎನ್ನುವುದುಂಟು. ಅದು ನಮ್ಮ ಸಿದ್ಧಾಂತದ ಮಾತಲ್ಲ. ಮರಣಾನಂತರ ನಾವು ಮಾಡುವುದೆಲ್ಲ ಉಳಿದವರಿಗಾಗಿ. ಇಷ್ಟು ಸ್ಪಷ್ಟವಾದ ಸಿದ್ಧಾಂತವುಳ್ಳ ನಾವು ಉಳಿದವರ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕಾಗಿತ್ತು. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ನೆಂಟರನ್ನು ಮನೆಗೆ ಕರೆತರುವ ಕರ್ಮಗಳು ನಮ್ಮಲ್ಲಿಲ್ಲವಾದುದರಿಂದ, ಕರೆಯದೆಯೇ ಹೋಗುವ ಹೊಣೆ ಸಂಘದ ಮೇಲೆ ಬೀಳುತ್ತದೆ.

ಇನ್ನು ಶೋಕದ ಸ್ವರೂಪ. ಶೋಕವೆಂಬುದು ಚಾರಿತ್ರಮೋಹನೀಯ ಕರ್ಮದಲ್ಲಿ ಸೇರಿದ ಒಂಬತ್ತು ನೋಕಷಾಯಗಳಲ್ಲಿ ಒಂದು. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಎಂದು ಮಕ್ಕಳ ಪಾಠಶಾಲೆಯಲ್ಲಿಯೂ ಎಣಿಸುತ್ತೇವೆ. ಕರ್ಮಬಂಧವು ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶವೆಂದು ನಾಲ್ಕು ತೆರನಾಗಿರುವುದನ್ನೂ ನೀವು ಬಲ್ಲಿರಿ. ಸ್ಥಿತಿಯೆಂದರೆ ಅದು ನಿಲ್ಲುವ ಕಾಲ. ಅನುಭಾಗವೆಂದರೆ ಫಲದ ತೀವ್ರತೆ. ಇವು ಜೀವದಿಂದ ಜೀವಕ್ಕೆ ಬೇರೆ. ಒಂದೇ ಮನೆಯಲ್ಲಿ ಒಂದೇ ದಿನ ತಂದೆಯನ್ನು ಕಳೆದುಕೊಂಡ ಇಬ್ಬರು ಮಕ್ಕಳಲ್ಲಿ ಒಬ್ಬನು ಅಂದೇ ಅತ್ತು ಹಗುರಾಗಬಹುದು. ಇನ್ನೊಬ್ಬನು ಎಲ್ಲ ಕೆಲಸಗಳನ್ನೂ ಗಟ್ಟಿಯಾಗಿ ನಿಂತು ನಡೆಸಿ, ಎಂಟು ತಿಂಗಳ ಮೇಲೆ ತಂದೆಯ ಕನ್ನಡಕವನ್ನು ಕಂಡು ಕುಸಿಯಬಹುದು. ಮೊದಲನೆಯವನಿಗೆ ವಿವೇಕವಿದೆಯೆಂದೂ ಎರಡನೆಯವನಿಗೆ ಇಲ್ಲವೆಂದೂ ಹೇಳಲು ನಾವು ಯಾರು? ಕರ್ಮದ ಉದಯಕಾಲವನ್ನು ನೆರೆಮನೆಯವರು ಗೊತ್ತುಮಾಡುವುದಕ್ಕಾಗುವುದಿಲ್ಲ.

ಹಾಗೆಂದು ಶೋಕವನ್ನು ಶಾಸ್ತ್ರವು ಕೊಂಡಾಡುತ್ತದೆಂದು ತಿಳಿಯಬಾರದು. ಇಷ್ಟವಿಯೋಗದ ಚಿಂತನೆಯನ್ನು ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ಒಂದೆಂದು ಹೇಳಿ, ಅದು ಸಂಸಾರಕ್ಕೆ ಕಾರಣವೆಂದೇ ಎಚ್ಚರಿಸಿದೆ. ಆದರೆ ಉಮಾಸ್ವಾಮಿಗಳು ಅದೇ ಪ್ರಕರಣದಲ್ಲಿ ಈ ಧ್ಯಾನವು ಯಾರಿಗೆ ಉಂಟಾಗುವುದೆಂಬುದನ್ನೂ ತಿಳಿಸಿರುವರು: ಅವಿರತರಿಗೆ, ದೇಶವ್ರತಿಗಳಿಗೆ, ಪ್ರಮತ್ತಸಂಯತರಿಗೆ. ಪ್ರಮತ್ತಸಂಯತರೆಂದರೆ ಮಹಾವ್ರತಗಳನ್ನು ಧರಿಸಿದ ಮುನಿಗಳು. ಪಿಂಛಿ ಕಮಂಡಲುಗಳನ್ನು ಹಿಡಿದವರಲ್ಲಿಯೂ ತಲೆದೋರಬಹುದಾದ ವೇದನೆಯು ಮಕ್ಕಳೊಂದಿಗರಾದ ಗೃಹಿಣಿಗೆ ಹದಿಮೂರನೆಯ ದಿನ ಇಲ್ಲವಾಗಬೇಕೆಂದು ನಿರೀಕ್ಷಿಸುವುದು ಶಾಸ್ತ್ರಕ್ಕೂ ದೂರ, ಅನುಭವಕ್ಕೂ ದೂರ.

ಅಷ್ಟೇ ಅಲ್ಲ, ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಅವಸರದಿಂದ ಓದಿಬಿಡುವ ಒಂದು ವಿಷಯವಿದೆ. ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣ. ಅವನ್ನು ತನ್ನಲ್ಲಿ ಉಂಟುಮಾಡಿಕೊಂಡರೂ, ಪರರಲ್ಲಿ ಉಂಟುಮಾಡಿದರೂ, ಇಬ್ಬರಲ್ಲಿ ಉಂಟುಮಾಡಿದರೂ ಫಲವು ಒಂದೇ. ಅಳುವವರನ್ನು ಕುರಿತು “ಆರ್ತಧ್ಯಾನದಿಂದ ಕರ್ಮ ಕಟ್ಟಿಕೊಳ್ಳುತ್ತೀರಿ” ಎಂದು ಗದರಿಸುವವನು ತನ್ನ ಗದರಿಕೆಯಿಂದ ಹೊಸ ದುಃಖವನ್ನು ಹುಟ್ಟಿಸಿದನೆಂದಾದರೆ, ಆ ಲೆಕ್ಕದಲ್ಲಿ ಅವನ ಹೆಸರೂ ಸೇರುತ್ತದೆ. ಇದರ ಮುಂದಿನ ಸೂತ್ರವೇ ಪ್ರಾಣಿಗಳಲ್ಲಿಯೂ ವ್ರತಿಗಳಲ್ಲಿಯೂ ತೋರುವ ಅನುಕಂಪೆಯು ಸಾತಾವೇದನೀಯಕ್ಕೆ ಕಾರಣವೆನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಿಕೊಳ್ಳಿರಿ.

ಈಗ ಪುರಾಣಕ್ಕೆ ಬರೋಣ. ವಿಮಲಸೂರಿಯ ಪಉಮಚರಿಯವೂ ರವಿಷೇಣಾಚಾರ್ಯರ ಪದ್ಮಪುರಾಣವೂ ಹೇಳುವ ರಾಮಕಥೆಯನ್ನು ಕನ್ನಡಿಗರು ನಾಗಚಂದ್ರನ ರಾಮಚಂದ್ರಚರಿತಪುರಾಣದ ಪರಂಪರೆಯಿಂದ ಬಲ್ಲರು. ಅಲ್ಲಿ ರಾಮನು ಬಲಭದ್ರ, ಲಕ್ಷ್ಮಣನು ವಾಸುದೇವ. ಆ ಅಣ್ಣತಮ್ಮಂದಿರ ಸ್ನೇಹವನ್ನು ಪರೀಕ್ಷಿಸಲೆಂದು ಬಂದ ಇಬ್ಬರು ದೇವರು ರಾಮನು ಸತ್ತನೆಂಬ ಸುಳ್ಳನ್ನು ಹುಟ್ಟಿಸಲು, ಅದನ್ನು ಕೇಳಿದ ಕ್ಷಣದಲ್ಲಿ ಲಕ್ಷ್ಮಣನ ಪ್ರಾಣ ಹೋಯಿತು. ಓಡಿಬಂದ ರಾಮನು ಅದನ್ನು ನಂಬಲಿಲ್ಲ. ತಮ್ಮನು ಮುನಿಸಿಕೊಂಡಿರುವನೆಂದುಕೊಂಡನು, ನಿದ್ರಿಸುತ್ತಿರುವನೆಂದುಕೊಂಡನು. ಶವಕ್ಕೆ ಸ್ನಾನಮಾಡಿಸಿದನು, ಉಡಿಸಿದನು, ಬಾಯಿಗೆ ತುತ್ತಿಟ್ಟನು. ವಿಭೀಷಣ, ಸುಗ್ರೀವ, ವಿರಾಧಿತ ಮೊದಲಾದವರು ಬಂದರು. ವಿಭೀಷಣನು ಸಂಸಾರದ ಅನಿತ್ಯತೆಯನ್ನು ಕುರಿತು ಧರ್ಮೋಪದೇಶ ಮಾಡಿದನು. ಆ ಉಪದೇಶದಲ್ಲಿ ಒಂದು ಮಾತೂ ತಪ್ಪಲ್ಲ. ರಾಮನು ಕಿವಿಗೊಡಲಿಲ್ಲ. ಸಂಸ್ಕಾರ ಮಾಡೋಣವೆಂದವರ ಮೇಲೆ ಕೋಪಗೊಂಡು, ತಮ್ಮನ ದೇಹವನ್ನು ಹೆಗಲ ಮೇಲೆ ಹೊತ್ತು ಅವರಿಂದ ದೂರ ಹೊರಟುಹೋದನು. ಹೀಗೆ ಆರು ತಿಂಗಳು.

ಯಾರು ಈ ರಾಮ? ಅದೇ ಭವದಲ್ಲಿ ಮೋಕ್ಷಕ್ಕೆ ಹೋಗಲಿರುವ ಚರಮಶರೀರಿ. ತುಂಗೀಗಿರಿಯಿಂದ ಸಿದ್ಧಪದವನ್ನು ಪಡೆದ ಮಹಾತ್ಮನೆಂದು ನಾವು ನಿರ್ವಾಣಕ್ಷೇತ್ರಗಳ ಸ್ಮರಣೆಯಲ್ಲಿ ನೆನೆಯುವವನು. ಅಂತಹವನಿಗೆ ಆರು ತಿಂಗಳು ಬೇಕಾಯಿತೆಂಬುದನ್ನು ಪುರಾಣಕಾರರು ಮುಚ್ಚಿಡಲಿಲ್ಲ, ಆತನ ಹಿರಿಮೆಗೆ ಕುಂದೆಂದೂ ಎಣಿಸಲಿಲ್ಲ. ಆರು ತಿಂಗಳೆಂಬುದನ್ನು ಒಂದು ಅವಧಿಯೆಂದು ಹಿಡಿಯಬೇಡಿರಿ. ಅದು ರಾಮನ ಕಾಲ.

ಆ ಶೋಕವು ಮುಗಿದ ಬಗೆಯೇ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಕೃತಾಂತವಕ್ತ್ರನೆಂಬ ರಾಮನ ಸೇನಾಪತಿ ಹಿಂದೆ ದೀಕ್ಷೆಗೆ ಹೊರಟಾಗ, “ನೀನು ದೇವನಾದರೆ, ನಾನು ಮೋಹದಲ್ಲಿ ಬಿದ್ದಾಗ ಬಂದು ಎಚ್ಚರಿಸು” ಎಂದು ರಾಮನೇ ಅವನಿಂದ ಮಾತು ಪಡೆದಿದ್ದನು. ಕಷ್ಟ ಬರುವುದಕ್ಕೆ ಮೊದಲೇ ಗೆಳೆಯನನ್ನು ಗೊತ್ತುಮಾಡಿಟ್ಟುಕೊಂಡ ಈ ವಿವೇಕವನ್ನು ಗಮನಿಸಿರಿ. ಸ್ವರ್ಗದಲ್ಲಿ ಹುಟ್ಟಿದ್ದ ಆತನೂ ಜಟಾಯುವಿನ ಜೀವನೂ ಬಂದರು. ಬಂದವರು ಉಪದೇಶಿಸಲಿಲ್ಲ. ಒಣಗಿದ ಮರಕ್ಕೆ ನೀರೆರೆಯತೊಡಗಿದರು, ಬಂಡೆಯ ಮೇಲೆ ಬಿತ್ತಿದರು, ಬೆಣ್ಣೆಗಾಗಿ ನೀರನ್ನು ಕಡೆದರು, ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕಿದರು. ರಾಮನು ತಾನಾಗಿಯೇ, ಇದೇನು ಮರುಳು ಎಂದು ಕೇಳಿದನು. ಕೊನೆಗೆ ಕೃತಾಂತವಕ್ತ್ರನು ತಾನೂ ಒಂದು ಶವವನ್ನು ಹೊತ್ತು ಎದುರಿಗೆ ಬಂದನು. ಹೆಣವನ್ನೇಕೆ ಹೊತ್ತಿರುವೆಯೆಂದು ಕೇಳಿದ ರಾಮನಿಗೆ, ನಾವಿಬ್ಬರೂ ಒಂದೇ ಬಗೆಯವರೆಂಬ ಉತ್ತರ ದೊರೆಯಿತು. ಆಗ ರಾಮನ ಕಣ್ಣು ತೆರೆಯಿತು. ಸರಯೂ ತೀರದಲ್ಲಿ ತಮ್ಮನ ದೇಹಸಂಸ್ಕಾರ ನಡೆಯಿತು.

ವಿಭೀಷಣನು ಸತ್ಯವನ್ನು ಹೇಳಿ ಸೋತನು. ಕೃತಾಂತವಕ್ತ್ರನು ಅದೇ ಹೊರೆಯನ್ನು ಹೊತ್ತು ಜೊತೆಗೆ ನಡೆದು ಗೆದ್ದನು. ಹನ್ನೆರಡು ಭಾವನೆಗಳಿಗೆ ಅನುಪ್ರೇಕ್ಷೆಯೆಂಬ ಹೆಸರಿದೆಯಷ್ಟೆ. ಅನುಪ್ರೇಕ್ಷೆಯೆಂದರೆ ತಾನು ಮತ್ತೆ ಮತ್ತೆ ನೋಡಿಕೊಳ್ಳುವುದು. ಅನಿತ್ಯವನ್ನು, ಅಶರಣವನ್ನು ದುಃಖಿತನು ತಾನೇ ನೋಡಿಕೊಳ್ಳುವ ಗಳಿಗೆ ಬರಬೇಕು. ಆ ಗಳಿಗೆಯವರೆಗೆ ಬಳಿಯಲ್ಲಿರುವುದೇ ಇತರರ ಕೆಲಸ. ಸ್ಥಿತಿಕರಣಕ್ಕೆ ದೃಷ್ಟಾಂತವಾಗಿ ಹೇಳುವ ವಾರಿಷೇಣ ಮುನಿಯ ಕಥೆಯಲ್ಲಿಯೂ ಹೀಗೆಯೇ. ದೀಕ್ಷೆ ಪಡೆದ ಗೆಳೆಯನ ಮನಸ್ಸು ಮನೆಯಲ್ಲಿಯೇ ಉಳಿದಿತ್ತು. ಆದರೂ ವಾರಿಷೇಣನು ಹನ್ನೆರಡು ವರ್ಷ ಅವನ ಸಂಗಡ ವಿಹರಿಸಿದನು.

ಇನ್ನು ನಮ್ಮ ನಾಡಿನ ಶಾಸನಗಳು. ಇಲ್ಲಿಯೇ ದೊಮ್ಮಲೂರಿನ ಹಳೆಯ ಊರಿನಲ್ಲಿರುವ ಚೊಕ್ಕನಾಥನ ಗುಡಿಯಲ್ಲಿ ತಮಿಳು ಶಾಸನಗಳಿವೆ. ಗುಡಿಗೆ ದತ್ತಿ ಬಿಟ್ಟವರ ಹೆಸರುಗಳನ್ನು ಅವು ಉಳಿಸಿವೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಶಾಸನಗಳಲ್ಲಿ ಹಲವು ಬೇರೆಯ ಬಗೆಯವು. ಅಗಲಿದವರ ನಿಸಿಧಿಗಳು ಅವು. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 1120ರಲ್ಲಿ ತಾಯಿ ಪೋಚಿಕಬ್ಬೆಯನ್ನು, ಅದರ ಮರುವರ್ಷದ ಸುಮಾರಿಗೆ ಹೆಂಡತಿ ಲಕ್ಷ್ಮಿಯನ್ನು, 1123ರಲ್ಲಿ ಗುರುಗಳಾದ ಶುಭಚಂದ್ರ ಸಿದ್ಧಾಂತದೇವರನ್ನು ಕಳೆದುಕೊಂಡನು. ಪ್ರತಿಯೊಬ್ಬರಿಗೂ ಕಲ್ಲು ನಿಲ್ಲಿಸಿದನು. ಯುದ್ಧಗಳನ್ನು ಗೆದ್ದವನು, ಗೊಮ್ಮಟನಿಗೆ ಸುತ್ತಾಲಯ ಕಟ್ಟಿಸಿದವನು, ಮೂರು ನಾಲ್ಕು ವರ್ಷಗಳಲ್ಲಿ ಮೂರು ಸಲ ಕಲ್ಲುಕುಟಿಗರನ್ನು ಆ ಬೆಟ್ಟಕ್ಕೆ ಕರೆಸಿದನು. ಅವನು ತೀರಿಕೊಂಡ ಮೇಲೆ ಮಗ ಬೊಪ್ಪದೇವನು ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, 1133ರಲ್ಲಿ ತಂದೆಯ ನೆನಪಿಗೆ ಪಾರ್ಶ್ವನಾಥ ಬಸದಿಯನ್ನು ಮಾಡಿಸಿದನು. ಪ್ರತಿಷ್ಠೆಯ ಪ್ರಸಾದವು ದೊರೆಗೆ ತಲಪಿದಾಗ ಅವನು ಯುದ್ಧದಲ್ಲಿ ಗೆದ್ದಿದ್ದನು, ಅವನಿಗೆ ಮಗನೂ ಹುಟ್ಟಿದ್ದನು; ಆ ಸಂತೋಷದಿಂದ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರಾಯಿತು. ಮಗನೊಬ್ಬನ ದುಃಖದಿಂದ ಎದ್ದ ಬಸದಿಗೆ ಊರಿನ ಸಂತೋಷದ ಹೆಸರು ಬಂದಿತು. ಬೊಪ್ಪದೇವನು ಅದಕ್ಕೆ ಅಡ್ಡಿಯಾಗಲಿಲ್ಲ.

ಅತ್ತಿಮಬ್ಬೆಯ ಹೆಸರನ್ನೂ ಇಲ್ಲಿ ನೆನೆಯಬೇಕು. ನಾಗದೇವನು ರಣದಲ್ಲಿ ಮಡಿದಾಗ ಅವನ ಇನ್ನೊಬ್ಬ ಹೆಂಡತಿಯೂ ಅತ್ತಿಮಬ್ಬೆಯ ತಂಗಿಯೂ ಆದ ಗುಂಡಮಬ್ಬೆ ಚಿತೆಯೇರಿದಳು; ಅತ್ತಿಮಬ್ಬೆ ಮಗ ಅಣ್ಣಿಗನೊಡನೆ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು, ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಪಡೆದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಇದನ್ನು ಹೇಳುವಾಗ ನನಗೊಂದು ಭಯ. ನಾಳೆಯೇ ಯಾರಾದರೂ ವಿಧವೆಯೊಬ್ಬಳ ಬಳಿಗೆ ಹೋಗಿ, “ಅತ್ತಿಮಬ್ಬೆಯನ್ನು ನೋಡಿ ಕಲಿತುಕೊಳ್ಳಿ” ಎಂದುಬಿಡುವರು. ಆಕೆಯ ದಾನಗಳ ಪಟ್ಟಿಯನ್ನು ಶಾಸನಗಳು ಹೇಳುತ್ತವೆ. ಮೊದಲ ವರ್ಷಗಳ ರಾತ್ರಿಗಳನ್ನು ಹೇಳುವುದಿಲ್ಲ.

ಇನ್ನೊಂದು ಶಾಸನವನ್ನು ಸಂಕೋಚದಿಂದಲೇ ಎತ್ತುತ್ತೇನೆ. ಪಟ್ಟಮಹಿಷಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದಮೇಲೆ ತಾನು ಉಳಿಯಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸದಿಂದ ಸಲ್ಲೇಖನವನ್ನು ನೆರವೇರಿಸಿದಳೆಂದು ಚಂದ್ರಗಿರಿಯ ಶಾಸನವು ತಿಳಿಸುತ್ತದೆ. ಈ ಕಥೆಯನ್ನು ವ್ರತೋಪವಾಸಗಳ ಪ್ರಸಂಗದಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಆ ತಾಯಿಯ ಬಗ್ಗೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆಕೆ ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳ ಸನ್ನಿಧಿಯಲ್ಲಿ, ಸಂಘದ ನಡುವೆ ಇದ್ದಳೆಂಬುದನ್ನು ಮಾತ್ರ ಮರೆಯಬಾರದು. ಆದರೆ ಇಂದಿನ ಮನೆಗಳಿಗೆ ನಾನು ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಮಗಳನ್ನೋ ಗಂಡನನ್ನೋ ಕಳೆದುಕೊಂಡ ದುಃಖವು ಅವುಗಳಲ್ಲಿ ಸೇರಿಲ್ಲ. ಸಾಯಬೇಕೆಂಬ ಆಸೆ, ಇಷ್ಟಜನರಲ್ಲಿ ಅನುರಾಗ, ಇವೆರಡನ್ನೂ ತತ್ತ್ವಾರ್ಥಸೂತ್ರವು ಸಲ್ಲೇಖನದ ಅತಿಚಾರಗಳಲ್ಲಿ ಎಣಿಸಿದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದಾಗ ನಾವೆಲ್ಲ ಬೀದಿಗಿಳಿದು ಮೌನ ಮೆರವಣಿಗೆ ಮಾಡಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನವು ನಿರಾಶೆಯಿಂದ ಹುಟ್ಟುವುದಿಲ್ಲವೆಂಬುದೇ ಅಂದಿನ ನಮ್ಮ ವಾದವಾಗಿತ್ತು. ಆ ವಾದವು ಸತ್ಯವಾದರೆ, ನಿರಾಶೆಯಿಂದ ಅನ್ನ ಬಿಟ್ಟವರನ್ನು ಕಂಡು “ಒಳ್ಳೆಯ ವ್ರತ” ಎಂದು ಕೈಮುಗಿಯುವುದು ನಮಗೆ ಸಲ್ಲದು.

ಶೋಕದಲ್ಲಿರುವವರು ದಿನಗಟ್ಟಲೆ ಊಟ ಬಿಟ್ಟರೆ, ನಿದ್ರೆ ಇಲ್ಲದೆ ಕೃಶರಾದರೆ, ಬದುಕಿ ಫಲವೇನೆಂದರೆ, ಅಂದು ಅವರನ್ನು ಒಂಟಿಯಾಗಿ ಬಿಡಬೇಡಿರಿ. ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರಕಾರದ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದಾಗಿಟ್ಟ ಧರ್ಮದವರು ಮನಸ್ಸಿನ ವೈದ್ಯರ ಬಳಿಗೆ ಹೋಗಲು ನಾಚಬೇಕಾದುದಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳು ನಿಮಗೆ ನೆನಪಿರಬಹುದು. ನಗರದ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ, ತಾವರೆಕೆರೆ, ಗಿಡ್ಡೇನಹಳ್ಳಿಗಳ ಬಯಲಿನಲ್ಲಿ ದಹನ ನಡೆಯಿತು. ಆಗ ಬಾಗಿಲು ಮುಚ್ಚಿದ ಮನೆಗಳಲ್ಲಿ ಸೂತಕವು ಕ್ಯಾಲೆಂಡರಿನ ಮೇಲೆ ಮಾತ್ರ ಕಳೆಯಿತು. ಮುಖವನ್ನು ಕೊನೆಯ ಸಲ ನೋಡಲಿಲ್ಲ, ನೆಂಟರು ಬರಲಿಲ್ಲ, ಬಂದು ಅಳಲೂ ಅವಕಾಶವಿರಲಿಲ್ಲ. ಅಂತಹ ಮನೆಗಳಲ್ಲಿ ವರ್ಷಗಳ ತರುವಾಯ, ಬೇರೆ ಯಾರದೋ ಮರಣದ ವಾರ್ತೆ ಕೇಳಿದಾಗ, ಹಳೆಯ ದುಃಖ ಮೊದಲ ಬಾರಿಗೆ ಹೊರಬರುವುದನ್ನು ಕಂಡರೆ ಆಶ್ಚರ್ಯಪಡಬೇಡಿರಿ. “ಅದೆಲ್ಲ ಆಗಿ ಎಷ್ಟು ಕಾಲವಾಯಿತು!” ಎಂಬ ಉದ್ಗಾರವು ಬಾಯಿಗೆ ಬಂದರೆ ಅಲ್ಲಿಯೇ ನುಂಗಿಕೊಳ್ಳಿರಿ.

ದೊಮ್ಮಲೂರಿನಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಮಾರತಹಳ್ಳಿಯ ಆಚೆ ಕರುಣಾಶ್ರಯವಿದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯವರೂ ಇಂದಿರಾನಗರದ ರೋಟರಿಯವರೂ ಕೂಡಿ 1994ರಲ್ಲಿ ಸ್ಥಾಪಿಸಿದ ಟ್ರಸ್ಟು ಅದನ್ನು ನಡೆಸುತ್ತದೆ. ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳಿಗೆ 1999ರಿಂದ ಅಲ್ಲಿ ಇರಿಸಿಕೊಂಡು ಹಣ ಪಡೆಯದೆ ಆರೈಕೆ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಉಪಶಾಮಕ ಆರೈಕೆಯ ಲಕ್ಷಣವನ್ನು ಹೇಳುವಾಗ, ರೋಗಿ ತೀರಿಕೊಂಡ ಮೇಲೆ ಮನೆಯವರ ಶೋಕದಲ್ಲಿ ನೆರವಾಗುವುದನ್ನೂ ಸೇರಿಸಿದೆ. ನಮ್ಮ ನೆರೆಹೊರೆಯ ಲೌಕಿಕ ಸೇವಕರು ಇದನ್ನು ಕರ್ತವ್ಯವೆಂದು ಎಣಿಸಿರುವಾಗ, ವೈಯಾವೃತ್ತ್ಯವೆಂಬ ಹೆಸರನ್ನೇ ಇಟ್ಟುಕೊಂಡ ನಾವು ಹಿಂದೆ ಬೀಳಬಹುದೆ?

ಹಳೆಯ ದೊಮ್ಮಲೂರು ಹಳ್ಳಿಯಾಗಿದ್ದಾಗ ಒಂದು ಮನೆಯ ಸಾವು ಇಡೀ ಬೀದಿಗೆ ತಿಳಿಯುತ್ತಿತ್ತು. ಈಗ ಬಹುಮಹಡಿಗಳಲ್ಲಿ ಲಿಫ್ಟಿನ ಬಳಿ ಒಂದು ಚೀಟಿ ಅಂಟಿಸುತ್ತಾರೆ. ಮೂರನೆಯ ದಿನ ಅದೂ ಬಿದ್ದುಹೋಗುತ್ತದೆ. ಮಕ್ಕಳು ಹೊರದೇಶಗಳಲ್ಲಿ, ಉಳಿದವರು ವೃದ್ಧರು. ಇಂಥಲ್ಲಿ ಸಂಘದ ಮನೆಗಳು ಹದಿಮೂರನೆಯ ದಿನದಿಂದ ಸರದಿ ಹಾಕಿಕೊಳ್ಳಬೇಕು. ವಾರಕ್ಕೊಂದು ಮನೆಯವರು ಹೋದರೆ ಸಾಕು. ಊಟ ಒಯ್ಯುವುದಾದರೆ ಸೂರ್ಯಾಸ್ತಕ್ಕೆ ಮುಂಚೆ ಮುಟ್ಟುವಂತೆ ಹೊರಡಿರಿ. ಸಂಜೆಯ ಹೊತ್ತು ಒಳವರ್ತುಲ ರಸ್ತೆಯನ್ನು ನಂಬಿದವರು ವ್ರತಭಂಗಕ್ಕೆ ಗುರಿಯಾದಾರು! ಹೋದಲ್ಲಿ ಉಪದೇಶ ಬೇಡ. ಹೋದವರ ಹೆಸರನ್ನು ಹಿಡಿದು ಮಾತಾಡಿರಿ. ಆ ಹೆಸರನ್ನು ಯಾರೂ ಉಚ್ಚರಿಸದಿರುವುದೇ ಮನೆಯವರಿಗೆ ದೊಡ್ಡ ನೋವು. ಅವರು ಅತ್ತರೆ ಅಳಲಿ. ಮಾತು ಬೇಡವೆಂದರೆ ಕಾಯೋತ್ಸರ್ಗಕ್ಕೆ ಕುಳಿತುಕೊಳ್ಳಿರಿ: 27 ಉಚ್ಛ್ವಾಸಗಳಲ್ಲಿ ಒಂಬತ್ತು ಸಲ ಪಂಚನಮಸ್ಕಾರ. ದುಃಖಿತರ ಉಸಿರು ನಿಮ್ಮ ಉಸಿರಿನೊಡನೆ ನಿಧಾನವಾಗುವುದು. ಕೆಲವರು ಯಾರೂ ಬರುವುದು ಬೇಡವೆನ್ನುವರು. ಅದನ್ನೂ ಮನ್ನಿಸಿರಿ, ಆದರೆ ತಿಂಗಳಾದ ಮೇಲೆ ಮತ್ತೊಮ್ಮೆ ಕೇಳಿರಿ. ಗಂಡಸರನ್ನು ಮರೆಯಬೇಡಿರಿ. ಅವರು ಅಳದೆ ಲೆಕ್ಕಪತ್ರಗಳಲ್ಲಿ ಮುಳುಗಿರುವುದನ್ನು ನೋಡಿ ಧೈರ್ಯವೆಂದುಕೊಳ್ಳುತ್ತೇವೆ.

ಇನ್ನೊಂದು ಮಾತನ್ನು ಹಿರಿಯರು ಕ್ಷಮಿಸಬೇಕು. ಗಂಡನನ್ನು ಕಳೆದುಕೊಂಡ ಶ್ರಾವಿಕೆಯನ್ನು ಮಂಗಲಕಲಶ ಹಿಡಿಯುವ ಸಾಲಿನಿಂದ, ನೋಂಪಿಯ ಆರತಿಯಿಂದ, ಮದುವೆಯ ಅಕ್ಷತೆಯಿಂದ ಹಿಂದೆ ಸರಿಸುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ರತ್ನತ್ರಯದಲ್ಲಿಯಾಗಲಿ ಶ್ರಾವಕರ ಹನ್ನೆರಡು ವ್ರತಗಳಲ್ಲಿಯಾಗಲಿ ಇದಕ್ಕೆ ಆಧಾರವಿಲ್ಲ. ಒಂದು ಕಡೆ “ಎಷ್ಟು ಕಾಲ ಮೂಲೆಯಲ್ಲಿ ಕುಳಿತಿರುವೆ, ಹೊರಗೆ ಬಾ” ಎನ್ನುವುದು, ಬಂದಾಗ ಕಲಶವನ್ನು ಇನ್ನೊಬ್ಬರ ಕೈಗೆ ಕೊಡುವುದು! ಅವಳು ಹೊರಗೆ ಬಾರದಿರುವುದಕ್ಕೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಕೊನೆಯದಾಗಿ ವ್ರತೋಪವಾಸಗಳ ವಿಷಯ. ಇನ್ನು ಮೂರು ದಿನಗಳಿಗೆ ಅನಂತ ಚತುರ್ದಶಿ. ಹದಿನಾಲ್ಕು ವರ್ಷಗಳ ಅನಂತ ನೋಂಪಿಯನ್ನು ಹಿಡಿದು, ನಡುವೆ ಮರಣಸೂತಕದಿಂದಲೋ ದುಃಖದಿಂದಲೋ ಒಂದು ವರ್ಷ ತಪ್ಪಿದವರು ವ್ರತವೇ ಕೆಟ್ಟಿತೆಂದು ಹೆದರುವುದುಂಟು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಎರಡರಷ್ಟು ಕಾಲ ಮಾಡಬಹುದೆಂದು ನಮ್ಮ ವ್ರತವಿಧಾನಗಳಲ್ಲಿಯೇ ದಾರಿ ತೋರಿಸಿದ್ದಾರೆ. ಅಶಕ್ತರಿಗೆ ಇಷ್ಟು ಅವಕಾಶ ಕೊಟ್ಟ ವಿಧಾನವು ದುಃಖಿತರ ವಿಷಯದಲ್ಲಿ ಕಲ್ಲಾಗುವುದೆಂದು ನನಗೆ ತೋರುವುದಿಲ್ಲ. ತಪ್ಪಿದ ವರ್ಷವನ್ನು ಕೊನೆಯಲ್ಲಿ ಸೇರಿಸಿಕೊಳ್ಳಲಿ. ತಮ್ಮ ಗುರುಗಳನ್ನು ಕೇಳಿ ನಿಶ್ಚಯಿಸಿಕೊಳ್ಳಲಿ. ಸೂತಕದ ದಿನಗಳಲ್ಲಿ ಪೂಜಾದ್ರವ್ಯಗಳನ್ನು ಮುಟ್ಟದೆ ಮನಸ್ಸಿನಲ್ಲಿ ಪಂಚನಮಸ್ಕಾರವನ್ನು ಸ್ಮರಿಸಲು ಯಾರ ಅಡ್ಡಿಯೂ ಇಲ್ಲ.

ಹೊಸದಾಗಿ ದುಃಖಕ್ಕೀಡಾದವರಿಗೆ ಈ ವರ್ಷ ಉಪವಾಸ ಮಾಡಿರೆಂದು ಒತ್ತಾಯಿಸಬೇಡಿರಿ. ಪ್ರೋಷಧೋಪವಾಸಕ್ಕೆ ಹಿಂದಿನ ದಿನದ ಒಪ್ಪೊತ್ತಿನ ಊಟವೂ, ಹದಿನಾರು ಯಾಮಗಳ ಎಣಿಕೆಯೂ, ಮರುದಿನದ ಪಾರಣೆಯೂ ಇವೆ. ತಿಳಿದು ತೊಡಗಿ ತಿಳಿದು ಮುಗಿಸುವ ಕ್ರಮವದು. ದುಃಖದಿಂದ ಅನ್ನ ಸೇರದಿರುವವರಿಗೆ ಅಂತಹ ಪಾರಣೆಯಿಲ್ಲ. ಅಂತಹವರು ಎರಡು ತುತ್ತು ಉಂಡರೆ ಅದೇ ಅಂದಿನ ಅವಮೌದರ್ಯವೆಂದು ತಿಳಿಯಲಿ. ನೀವು ಚತುರ್ದಶಿಯ ಉಪವಾಸವನ್ನು ಮುಗಿಸಿ ಹುಣ್ಣಿಮೆಯ ಬೆಳಗ್ಗೆ ಪಾರಣೆ ಮಾಡುವಾಗ, ನಿಮ್ಮ ಮಹಡಿಯಲ್ಲಿಯೋ ಮುಂದಿನ ಅಡ್ಡರಸ್ತೆಯಲ್ಲಿಯೋ ಇರುವ ಆ ಮನೆಗೆ ಹಿಂದಿನ ದಿನವೇ ತಿಳಿಸಿ, ಗಂಜಿಯ ಪಾತ್ರೆಯನ್ನು ಅಲ್ಲಿಗೇ ಒಯ್ದು, ಅವರೊಡನೆ ಕುಳಿತು ಪಾರಣೆ ಮಾಡಿರಿ. ಪಾತ್ರೆಯನ್ನು ಅಂದೇ ಹಿಂದಕ್ಕೆ ತರಬೇಡಿರಿ. ಮುಂದಿನ ವಾರ ಹೋಗಲು ಅದೊಂದು ನೆವವಾಗುವುದು.